ಸರ್ವರ್‌ನಲ್ಲಿ ಪದೇ ಪದೇ ಎದುರಾಗುವ ಎಚ್ಚರಿಕೆಯ ಕಿಟಕಿ

ಇದು ಪುಣೆಯ ಭೋಸರಿಯಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಚಿಕ್ಕ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗ. ವಿಜಯಪುರ, ಕಲಬುರಗಿ ಕಡೆಯವರೇ ಹೆಚ್ಚಾಗಿರುವುದರಿಂದ ಇಲ್ಲಿಯ ದೂರುಗಳೂ ಕನ್ನಡದಲ್ಲೇ ಬರುತ್ತವೆ: "ಸರ್, ಮತ್ತ ಅದ ಕೇಳಾಕತ್ತೈತ್ರಿ, ರನ್ ಒತ್ತಲೇನು?" ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಂದೇ ವಿಂಡೋಸ್ ಸರ್ವರ್‌ನೊಳಗೆ ಕೆಲಸ ಮಾಡುತ್ತಾರೆ. ಬಿಲ್ಲಿಂಗ್ ಪ್ರೋಗ್ರಾಂ ಇರುವುದು ಮಾತ್ರ ಪಕ್ಕದ ಫೈಲ್ ಸರ್ವರ್‌ನ ಹಂಚಿಕೆಯ ಫೋಲ್ಡರ್‌ನಲ್ಲಿ. ಅದನ್ನು ತೆರೆದಾಗಲೆಲ್ಲ ರನ್ ಮಾಡಲೇ ಎಂದು ಕೇಳುವ ಕಿಟಕಿ ಬರುತ್ತದೆ, ದೂರು ಅದರದೇ.

ಪರದೆ ಮಬ್ಬಾಗಿ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುವ ಯೂಸರ್ ಅಕೌಂಟ್ ಕಂಟ್ರೋಲ್ ಬೇರೆಯದೇ ವಿಷಯ. ಅದನ್ನು ಇಲ್ಲಿ ಮುಟ್ಟುವುದಿಲ್ಲ. ನಮ್ಮೆದುರಿಗಿರುವುದು 'ಓಪನ್ ಫೈಲ್ – ಸೆಕ್ಯುರಿಟಿ ವಾರ್ನಿಂಗ್' ಎಂಬ ಕಿಟಕಿ. ಇದರ ಕೆಳತುದಿಯ ಸಾಲನ್ನು ಯಾರೂ ಓದುವುದಿಲ್ಲ, ಆದರೆ ಉತ್ತರವಿರುವುದು ಅಲ್ಲಿಯೇ: ಈ ಫೈಲ್ ನಿಮ್ಮ ಸ್ಥಳೀಯ ಜಾಲದ ಹೊರಗಿದೆ ಎಂದು ವಿಂಡೋಸ್ ಹೇಳುತ್ತಿದೆ. ಫೈಲ್ ಸರ್ವರ್ ಇರುವುದು ಅದೇ ಕೋಣೆಯ ಅದೇ ರ‍್ಯಾಕ್‌ನಲ್ಲಿ!

ವಿಂಡೋಸ್ ಹಾಗೆ ಭಾವಿಸಲು ಕಾರಣ ಶಾರ್ಟ್‌ಕಟ್‌ನಲ್ಲಿದೆ. ಅದರಲ್ಲಿ ಸರ್ವರ್‌ನ ಹೆಸರಿನ ಬದಲು 192.168.10.5 ಎಂಬ ವಿಳಾಸವಿದೆ. ಚುಕ್ಕಿಗಳಿಲ್ಲದ ಒಂಟಿ ಹೆಸರನ್ನು ವಿಂಡೋಸ್ ಸಾಮಾನ್ಯವಾಗಿ ಇಂಟ್ರಾನೆಟ್ (ಕಚೇರಿಯ ಒಳಜಾಲ) ಎಂದು ಪರಿಗಣಿಸುತ್ತದೆ. ಚುಕ್ಕಿಗಳಿರುವ ಐಪಿ ವಿಳಾಸವನ್ನಾಗಲಿ ಪೂರ್ಣ ಡೊಮೇನ್ ಹೆಸರನ್ನಾಗಲಿ, ಬೇರೆ ಸೂಚನೆ ಇಲ್ಲದಿದ್ದರೆ, ಇಂಟರ್ನೆಟ್ ವಲಯಕ್ಕೆ (ಝೋನ್‌ಗೆ) ಸೇರಿಸುತ್ತದೆ. ಸರ್ವರ್ ಆವೃತ್ತಿಗಳಲ್ಲಿ ಇನ್ನೂ ಒಂದು ತೊಡಕಿದೆ: ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎನ್‌ಹ್ಯಾನ್ಸ್ಡ್ ಸೆಕ್ಯುರಿಟಿ ಕಾನ್ಫಿಗರೇಶನ್ ಎಂಬ ಬಿಗಿ ಭದ್ರತೆಯ ಏರ್ಪಾಡು ಚಾಲೂ ಇದ್ದರೆ, ಇಂಟ್ರಾನೆಟ್ ಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಿಸದ ಒಂಟಿ ಹೆಸರಿಗೂ ಆ ಸಲಿಗೆ ಸಿಗುವುದಿಲ್ಲ. ಮೇಜಿನ ಮೇಲಿನ ಪಿಸಿಯಲ್ಲಿ ಸುಮ್ಮನಿರುವ ಶಾರ್ಟ್‌ಕಟ್ ಸರ್ವರ್‌ನಲ್ಲಿ ತಕರಾರು ತೆಗೆಯುವುದು ಬಹುಮಟ್ಟಿಗೆ ಇದರಿಂದಲೇ.

ಪ್ರೋಗ್ರಾಂ ಸರ್ವರ್‌ನದೇ ಡಿಸ್ಕ್‌ನಲ್ಲಿದ್ದೂ ಕಿಟಕಿ ಬಂದರೆ ಫೈಲನ್ನೇ ಪರೀಕ್ಷಿಸಬೇಕು. ಬ್ರೌಸರ್‌ನಿಂದ ಇಳಿಸಿಕೊಂಡ ಫೈಲಿನ ಜೊತೆ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಇರುವ ಡಿಸ್ಕ್‌ನಲ್ಲಿ 'ಝೋನ್ ಐಡೆಂಟಿಫೈಯರ್' ಎಂಬ ಗುಪ್ತ ಚೀಟಿಯೊಂದು ಅಂಟಿಕೊಂಡಿರುತ್ತದೆ. ಅದರೊಳಗಿನ 3 ಎಂಬ ಅಂಕೆಗೆ ಇಂಟರ್ನೆಟ್‌ನಿಂದ ಬಂದದ್ದು ಎಂದರ್ಥ. 2004ರ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಬಂದ ಏರ್ಪಾಡು ಇದು. ಫೈಲ್ ನಂಬಿಕಸ್ತ ಮೂಲದ್ದೆಂದು ಖಾತ್ರಿಯಾದ ಮೇಲೆ ಪ್ರಾಪರ್ಟೀಸ್‌ನಲ್ಲಿ 'ಅನ್‌ಬ್ಲಾಕ್' ಗುರುತು ಹಾಕಿದರೆ ಸಾಕು. ಫೈಲುಗಳು ರಾಶಿ ಇದ್ದರೆ, ವಿಂಡೋಸ್‌ಗೆ ಆಜ್ಞೆಗಳನ್ನು ಬರೆದು ಕೊಡುವ ಪವರ್‌ಶೆಲ್‌ನ 'ಅನ್‌ಬ್ಲಾಕ್-ಫೈಲ್' ಆಜ್ಞೆಯಿದೆ.

ನಮ್ಮ ಬಿಲ್ಲಿಂಗ್ ಪ್ರೋಗ್ರಾಂಗೆ ಬೇಕಾದದ್ದು ಗ್ರೂಪ್ ಪಾಲಿಸಿ, ಅಂದರೆ ಬಳಕೆದಾರರಿಗೆಲ್ಲ ಒಂದೇ ಕಡೆಯಿಂದ ಅನ್ವಯಿಸುವ ಸೆಟ್ಟಿಂಗ್‌ಗಳು. ಅಲ್ಲಿಯ 'ಸೈಟ್ ಟು ಝೋನ್ ಅಸೈನ್‌ಮೆಂಟ್ ಲಿಸ್ಟ್'ನಲ್ಲಿ ಫೈಲ್ ಸರ್ವರ್‌ನ ವಿಳಾಸವನ್ನೂ ಹೆಸರನ್ನೂ ಬರೆದು, ಎದುರಿಗೆ 1 ಎಂದು, ಅಂದರೆ ಇಂಟ್ರಾನೆಟ್ ಎಂದು, ನಮೂದಿಸುತ್ತಿದ್ದೇನೆ. ಝೋನ್ ಪರೀಕ್ಷೆಯನ್ನೇ ಬಂದ್ ಮಾಡುವ ಎನ್ವಿರಾನ್‌ಮೆಂಟ್ ವೇರಿಯಬಲ್ (ವಿಂಡೋಸ್‌ನ ಒಂದು ಬಗೆಯ ಸೆಟ್ಟಿಂಗ್) ಒಂದಿದೆ, .ಎಕ್ಸ್‌ಇ (ಪ್ರೋಗ್ರಾಂ) ಫೈಲುಗಳನ್ನೆಲ್ಲ ಕಡಿಮೆ ಅಪಾಯದವೆಂದು ಘೋಷಿಸುವ ಪಾಲಿಸಿಯೂ ಇದೆ. ಹತ್ತಾರು ಜನ ಒಟ್ಟಿಗೆ ಬಳಸುವ ಸರ್ವರ್‌ನಲ್ಲಿ ಇವೆರಡನ್ನೂ ನಾನು ಒಪ್ಪುವುದಿಲ್ಲ. ಯಾರೋ ಇಮೇಲ್‌ನಿಂದ ತೆರೆದ ಪ್ರೋಗ್ರಾಂಗೂ ಆಗ ತಡೆ ಇರದು.

ಈಗ ಪಾಲಿಸಿಯನ್ನು ನವೀಕರಿಸಿ, ಲಾಗಾಫ್ ಆಗಿ ಮರಳಿ ಬಂದಿದ್ದೇನೆ. ಶಾರ್ಟ್‌ಕಟ್ ಒತ್ತಿದರೆ ಬಿಲ್ಲಿಂಗ್‌ನ ಲಾಗಿನ್ ಪರದೆ ನೇರವಾಗಿ ತೆರೆಯುತ್ತದೆ. ಪರೀಕ್ಷೆಗೆಂದು ಬ್ರೌಸರ್‌ನಿಂದ ಇಳಿಸಿಕೊಂಡ ಇನ್ನೊಂದು ಪ್ರೋಗ್ರಾಂ ಮಾತ್ರ ಈಗಲೂ ಕೇಳಿಯೇ ತೆರೆಯುತ್ತದೆ.