ಆಟ ಅರ್ಧಕ್ಕೆ ಬಿಟ್ಟರೇನಂತೆ

ಧಾರವಾಡ ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ವಿಡಿಯೋ ಗೇಮ್ ಆಡುವವರು ಭೇಟಿಯಾದರೆ ಮೊದಲು ಬರುವ ಮಾತು ‘ಆ ಗೇಮ್ ಮುಗಿಸಿದೆಯಾ?’ ಅಂತ. ಹೇಗಿತ್ತು, ಏನು ಹಿಡಿಸಿತು ಅನ್ನುವುದೆಲ್ಲ ಆಮೇಲೆ. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ‘ಇನ್ನೂ ಇಲ್ಲ’ ಅನ್ನುವಾಗ ಏನೋ ಬಾಕಿ ಉಳಿಸಿಕೊಂಡ ಹಾಗೆ ಅನಿಸುತ್ತದೆ. ಸಂಜೆ ಉಣಕಲ್ ಕೆರೆ ದಂಡೆಗೆ ಹೋಗಿ ಬಂದವರನ್ನು ‘ಕೆರೆ ಮುಗಿಸಿದಿರಾ?’ ಅಂತ ಯಾರಾದರೂ ಕೇಳುತ್ತಾರಾ? ಗಾಳಿಗೆ ಹೋದರು, ಬಂದರು, ಅಷ್ಟೇ. ಗೇಮನ್ನೂ ಹಾಗೆ ಆಡಬಹುದು. ಹಾಗೆ ಆಡಿದರೇನೇ ಅದು ಹವ್ಯಾಸ.

ಮೊದಮೊದಲ ಎಷ್ಟೋ ಆಟಗಳಿಗೆ ಕೊನೆ ಅನ್ನುವುದೇ ಇರಲಿಲ್ಲ. 1980ರಲ್ಲಿ ಜಪಾನಿನಲ್ಲಿ ಬಂದ ಪ್ಯಾಕ್‌ಮ್ಯಾನ್ ಹಾಗೇ ನಡೆಯುತ್ತಲೇ ಇರಬೇಕಾದ ಆಟ. 256ನೇ ಹಂತಕ್ಕೆ ಬಂದರೆ ಲೆಕ್ಕ ಇಡುವ ಜಾಗ ಸಾಲದೆ ಪರದೆಯ ಬಲಗಡೆ ಅರ್ಧ ಭಾಗ ಗೀಚಿದ ಹಾಗೆ ಕಲಸಿಹೋಗುತ್ತದೆ. ಅದು ಯಾರೂ ಬೇಕಂತ ಇಟ್ಟ ಕೊನೆಯಲ್ಲ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಮಾಡಿದ ಟೆಟ್ರಿಸ್ ಕೂಡ ಅಷ್ಟೇ. ಇಟ್ಟಿಗೆಯಂಥ ತುಂಡುಗಳು ಬೀಳುತ್ತಲೇ ಇರುತ್ತವೆ, ನಾವು ಜೋಡಿಸುತ್ತಲೇ ಇರಬೇಕು. ನಿಂಟೆಂಡೊ ಕಂಪನಿಯ ಪೆಟ್ಟಿಗೆಗೆ ಬಂದ ಅದರ ಹಳೆಯ ಆವೃತ್ತಿಯನ್ನು 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಅದು ತಾನೇ ನಿಂತುಹೋಗುವಷ್ಟು ದೂರ ಆಡಿಬಿಟ್ಟ. ಜಗತ್ತೇ ಬೆರಗಾಯಿತು. ಅಲ್ಲಿಯವರೆಗೆ ಲಕ್ಷಾಂತರ ಜನ ಅದನ್ನು ಆಡಿ ಸೋತಿದ್ದರು. ಅವರಲ್ಲಿ ಯಾರಿಗೂ ಆಟದ ಖುಷಿ ಸಿಗಲಿಲ್ಲ ಅಂತ ಹೇಳಲಾಗುತ್ತದೆಯಾ?

ಮಾರಿಯೋಗೆ ಕೊನೆ ಇತ್ತು. 1985ರ ಆಟ. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ. ನಡುವೆ ಸೇವ್ ಮಾಡುವ ಸೌಲಭ್ಯ ಇರಲಿಲ್ಲ. ಸೂಟಿಗೆ ಹುಬ್ಬಳ್ಳಿಯ ಸೋದರಮಾವನ ಮನೆಗೆ ಬಂದಾಗ ಟಿವಿಗೆ ಹಚ್ಚಿ ಆಡುವ ಅಗ್ಗದ ಪೆಟ್ಟಿಗೆಯಲ್ಲಿ ಅದನ್ನು ಆಡುತ್ತಿದ್ದೆವು. ಕ್ಯಾಸೆಟ್ ತೆಗೆದು ಊದಿ ಮತ್ತೆ ಹಾಕುವುದು, ಒಬ್ಬರಾದ ಮೇಲೆ ಒಬ್ಬರ ಪಾಳಿ. ಕರೆಂಟು ಹೋದರೆ ಎಲ್ಲ ಮೊದಲಿನಿಂದ. ಹೀಗಾಗಿ ಮೊದಲನೇ ಹಂತದ ಒಂದೊಂದು ಇಟ್ಟಿಗೆಯೂ ನಮಗೆ ಗೊತ್ತಿತ್ತು. ಯಾವುದನ್ನು ಗುದ್ದಿದರೆ ನಾಣ್ಯ, ಯಾವ ಕೊಳವೆಯೊಳಗೆ ಇಳಿದರೆ ಕೆಳಗೆ ಖಜಾನೆ, ಎಲ್ಲ ಬಾಯಿಪಾಠ. ಆಟದ ಕೊನೆಗೆ ಬಿಡಿಸಬೇಕಾದ ರಾಜಕುಮಾರಿ ಸಿಗಲಿಲ್ಲ ಅಂತ ಯಾರೂ ಬೇಸರ ಮಾಡಿಕೊಂಡು ಊಟ ಬಿಡಲಿಲ್ಲ.

ಹಾಗಿದ್ದರೆ ಈ ಮುಗಿಸುವ ಒತ್ತಡ ಎಲ್ಲಿಂದ ಬಂತು? ನನಗೆ ಅನ್ನಿಸುವುದು, ಎಣಿಕೆಯಿಂದ. 2005ರಲ್ಲಿ ಎಕ್ಸ್‌ಬಾಕ್ಸ್ 360 ಅನ್ನುವ ಗೇಮ್ ಪೆಟ್ಟಿಗೆ ಬಂದಾಗ ಪ್ರತಿ ಸಾಧನೆಗೂ ಅಂಕ ಕೊಡುವುದು ಶುರುವಾಯಿತು. 2008ರಲ್ಲಿ ಪ್ಲೇಸ್ಟೇಷನ್ ಅನ್ನುವ ಇನ್ನೊಂದು ಪೆಟ್ಟಿಗೆಗೆ ಟ್ರೋಫಿಗಳು ಬಂದವು. ಇಷ್ಟು ಪರ್ಸೆಂಟ್ ಆಗಿದೆ, ಇಷ್ಟು ಬಾಕಿ ಇದೆ ಅಂತ ಪರದೆ ತೋರಿಸುತ್ತಲೇ ಇರುತ್ತದೆ. ಟ್ರೋಫಿ ಕೂಡಿಸುವುದರಲ್ಲೇ ಖುಷಿ ಕಾಣುವವರಿದ್ದಾರೆ, ಅವರು ಆರಾಮಾಗಿ ಕೂಡಿಸಲಿ. ಆದರೆ ದಿನವಿಡೀ ಆಫೀಸಿನಲ್ಲಿ ಟಾರ್ಗೆಟ್ ಮುಟ್ಟಿಸಿ ಬಂದವರಿಗೆ ರಾತ್ರಿ ಮನೆಯಲ್ಲೂ ಟಾರ್ಗೆಟ್ ಯಾಕೆ?

ನನಗೆ ತುಂಬಾ ಪ್ರೀತಿಯ ಆಟ ಸ್ಟಾರ್‌ಡ್ಯೂ ವ್ಯಾಲಿ. ಅಮೆರಿಕದ ಎರಿಕ್ ಬರೋನ್ ಅನ್ನುವವರು ನಾಲ್ಕು ವರ್ಷಕ್ಕೂ ಜಾಸ್ತಿ ಒಬ್ಬರೇ ಕೂತು ಮಾಡಿದ ಆಟ ಇದು. ಚಿತ್ರ, ಸಂಗೀತ, ಕಥೆ ಎಲ್ಲ ಅವರದೇ. 2016ರಲ್ಲಿ ಬಂತು. ಪಟ್ಟಣದ ನೌಕರಿಗೆ ಬೇಸತ್ತ ಒಬ್ಬರು ಅಜ್ಜ ಬಿಟ್ಟುಹೋದ ಹೊಲಕ್ಕೆ ಬರುತ್ತಾರೆ. ಹೊಲದ ತುಂಬಾ ಕಲ್ಲು, ಕಳೆ, ಮರದ ಬೊಡ್ಡೆ. ಸ್ವಚ್ಛ ಮಾಡಬೇಕು, ಬಿತ್ತಬೇಕು, ನೀರು ಹಾಕಬೇಕು. ಬೆದರುಬೊಂಬೆ ನಿಲ್ಲಿಸದಿದ್ದರೆ ಕಾಗೆ ಬಂದು ಬೆಳೆ ತಿನ್ನುತ್ತದೆ.

ನಮ್ಮೂರು ಬ್ಯಾಡಗಿ ಹತ್ತಿರ. ಅಲ್ಲಿಯವರಿಗೆ ಮೆಣಸಿನಕಾಯಿ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಸಸಿ ಹಚ್ಚಿದರೆ ಕೆಂಪು ಕಾಯಿ ಬಿಡಿಸುವ ಹೊತ್ತಿಗೆ ಚಳಿಗಾಲ ಬಂದಿರುತ್ತದೆ. ಈ ಆಟದಲ್ಲೂ ಮೆಣಸಿನಕಾಯಿ ಇದೆ. ಬೇಸಿಗೆಯಲ್ಲಿ ಬಿತ್ತಿದರೆ ಐದೇ ದಿನಕ್ಕೆ ಕಾಯಿ! ಆಮೇಲೆ ಮೂರು ಮೂರು ದಿನಕ್ಕೊಮ್ಮೆ ಮತ್ತೆ ಬಿಡುತ್ತದೆ. ಊರಿಗೆ ಹೋದಾಗ ಅಪ್ಪ ಪಕ್ಕದಲ್ಲಿ ಕೂತು ಇದನ್ನು ನೋಡಿದರು. ‘ಐದ ದಿನಕ್ಕ ಕಾಯಿ? ಯಾವ ಬೀಜಪಾ ಇದು?’ ಅಂದರು. ಆಟದ ಟಿವಿಯಲ್ಲಿ ನಾಳೆಯ ಹವಾಮಾನ ಹೇಳುತ್ತಾರೆ, ಮಳೆ ಅಂದರೆ ಮಳೆ ಬಂದೇ ಬರುತ್ತದೆ. ಅದು ಅವರಿಗೆ ಬಹಳ ಹಿಡಿಸಿತು. ಆಮೇಲೆ ಫೋನ್ ಮಾಡಿದಾಗಲೂ ‘ನಿನ್ನ ಹೊಲಕ್ಕ ಮಳಿ ಆತೇನು?’ ಅಂತ ಕೇಳುತ್ತಿದ್ದರು. ಆಟ ಮುಗೀತಾ ಅಂತ ಅವರು ಎಂದೂ ಕೇಳಲಿಲ್ಲ. ಹೊಲ ಮುಗಿಯುವ ಸಂಗತಿ ಅಲ್ಲ ಅಂತ ಅವರಿಗೆ ಗೊತ್ತು.

ಆ ಆಟದ ಗಣಿಯಲ್ಲಿ 120 ಅಂತಸ್ತು ಇವೆ. ನಾನು ಅರ್ಧವೂ ಇಳಿದಿಲ್ಲ. ಊರಿನ ಹಳೆಯ ಸಮುದಾಯ ಭವನ ರಿಪೇರಿ ಆಗಬೇಕು, ಅದೂ ಅಲ್ಲಿಗೇ ನಿಂತಿದೆ. ಹೊಳೆಯಲ್ಲಿ ಮೀನು ಹಿಡಿಯುತ್ತಾ ಇಡೀ ಬೇಸಿಗೆ ಕಳೆದಿದ್ದೇನೆ. ಮೂರನೇ ವರ್ಷ ಶುರುವಾದಾಗ ಅಜ್ಜನ ಆತ್ಮ ಬಂದು ನಮ್ಮ ಕೆಲಸ ನೋಡಿ ಮೇಣದಬತ್ತಿ ಹಚ್ಚುತ್ತದೆ. ಹೆಚ್ಚೆಂದರೆ ನಾಲ್ಕು. ಕಡಿಮೆ ಬಂದರೂ ಆಟ ನಿಲ್ಲುವುದಿಲ್ಲ, ಮರುದಿನ ಬೆಳಗ್ಗೆ ಆರಕ್ಕೆ ಎದ್ದು ನೀರು ಹಾಕಬಹುದು. ಬೇಕಾದರೆ ಒಂದು ವಜ್ರ ಇಟ್ಟು ಅಜ್ಜನನ್ನು ಮತ್ತೆ ಕರೆಯಬಹುದು. ಅಷ್ಟು ಪ್ರೀತಿಯ ಅಜ್ಜ. ಇನ್ನು ಎರಿಕ್ ಬರೋನ್ 2024ರಲ್ಲೂ ಆಟಕ್ಕೆ ಹೊಸ ಸಂಗತಿಗಳನ್ನು ಸೇರಿಸಿದರು. ಎಂಟು ವರ್ಷವಾದರೂ ಮಾಡಿದವರೇ ಮುಗಿಸಿಲ್ಲ ನೋಡಿ.

2017ರ ಜೆಲ್ಡಾ ಆಟ, ಬ್ರೆತ್ ಆಫ್ ದ ವೈಲ್ಡ್, ಅದರಲ್ಲಿ ಕಾಡು ಬೆಟ್ಟಗಳಲ್ಲಿ 900 ಬೀಜ ಬಚ್ಚಿಟ್ಟಿದ್ದಾರೆ. ನಮ್ಮ ಚೀಲ ಪೂರ್ತಿ ದೊಡ್ಡದಾಗಲು 441 ಸಾಕು. ಹಟ ಹಿಡಿದು 900ನ್ನೂ ಹುಡುಕಿದವರಿಗೆ ಸಗಣಿ ಗುಡ್ಡೆಯಂಥ ಆಕಾರದ ಬಂಗಾರ ಬಣ್ಣದ ವಸ್ತು ಸಿಗುತ್ತದೆ. ಅದರಿಂದ ಒಂದು ಪಾತ್ರ ಬೇಕೆಂದಾಗ ಕುಣಿಯುತ್ತದೆ, ಇನ್ನೇನೂ ಇಲ್ಲ. ದಾರಿಯಲ್ಲಿ ಕಣ್ಣಿಗೆ ಬಿದ್ದಷ್ಟು ಸಾಕು ಅಂತ ಮಾಡಿದವರೇ ಹೇಳಿದ ಹಾಗಿದೆ, ಅಲ್ವಾ?

ಕೆಲವು ಮೊಬೈಲ್ ಆಟಗಳು ಮಾತ್ರ ಬಿಡಲು ಬಿಡುವುದಿಲ್ಲ. ಏಳು ದಿನ ತಪ್ಪದೆ ಬಂದರೆ ಇಷ್ಟು ಉಡುಗೊರೆ, ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಅನ್ನುತ್ತವೆ. ಅಂಥವನ್ನು ಫೋನಿನಿಂದ ತೆಗೆದುಬಿಡುವುದೇ ಒಳ್ಳೆಯದು. ಆನ್‌ಲೈನಿನಲ್ಲಿ ದುಡ್ಡು ಪಣಕ್ಕಿಟ್ಟು ಆಡುವ ಆಟಗಳ ಮಾತು ನಾನು ಆಡುತ್ತಿಲ್ಲ, 2025ರಲ್ಲಿ ಕೇಂದ್ರದ ಕಾನೂನೇ ಅವನ್ನು ನಿಷೇಧಿಸಿದೆ.

ಹಾಗಂತ ಯಾವ ಆಟದ ಕೊನೆಯೂ ಬೇಡ ಅಂತಲ್ಲ. ಒಳ್ಳೆಯ ಕಥೆ ಇದ್ದರೆ ಮುಂದೇನಾಯಿತು ಅನ್ನುವ ಆಸೆ ಇದ್ದೇ ಇರುತ್ತದೆ. ಆಗ ಕಷ್ಟದ ಮಟ್ಟ ಇಳಿಸಿಕೊಳ್ಳಿ. 2018ರ ಸೆಲೆಸ್ಟ್ ಬೆಟ್ಟ ಹತ್ತುವ ಆಟ, ಬಹಳ ಕಠಿಣ. ಆದರೆ ಆಟದ ವೇಗ ತಗ್ಗಿಸುವ, ದಣಿವೇ ಆಗದಂತೆ ಮಾಡುವ ಆಯ್ಕೆಗಳನ್ನು ಮಾಡಿದವರೇ ಅದರಲ್ಲಿ ಇಟ್ಟಿದ್ದಾರೆ. ಅದೂ ಬೇಡವಾದರೆ ಯೂಟ್ಯೂಬಿನಲ್ಲಿ ಕೊನೆ ನೋಡಿಕೊಳ್ಳಿ, ತಪ್ಪೇನಿಲ್ಲ.

ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವರಿಗೆ ಅರ್ಧ ತಾಸು ಸಿಕ್ಕರೆ ದೊಡ್ಡದು. ಸ್ಟಾರ್‌ಡ್ಯೂದಲ್ಲಿ ಒಂದು ದಿನ ಅಂದರೆ ಸುಮಾರು 14 ನಿಮಿಷ. ಎರಡು ದಿನ ಆಡಿ ಮಲಗಬಹುದು. ತಿಂಗಳುಗಟ್ಟಲೆ ಬಿಟ್ಟ ಆಟಕ್ಕೆ ಮರಳಿದಾಗ ಯಾವ ಗುಂಡಿ ಒತ್ತಿದರೆ ಏನು ಅನ್ನುವುದೇ ಮರೆತಿರುತ್ತದೆ. ಆಗ ಹಳೆಯ ಸೇವ್ ಹಾಗೇ ಇರಲಿ, ಪಕ್ಕದಲ್ಲೇ ಹೊಸದಾಗಿ ಶುರು ಮಾಡಿ. ಈ ಸಲ ಬೇರೆ ಬೆಳೆ ಹಾಕಿ ನೋಡಿ.

ನಮಸ್ಕಾರ.