ಕಪ್ತಾನನ ವಯಸ್ಸು ಎಷ್ಟು?

ಕೇಳುಗರಿಗೆ ನಮಸ್ಕಾರ.

ಒಂದು ಲೆಕ್ಕ ಹೇಳುತ್ತೇನೆ. ಹಡಗೊಂದರಲ್ಲಿ 26 ಕುರಿಗಳೂ 10 ಮೇಕೆಗಳೂ ಇವೆ. ಹಡಗಿನ ಕಪ್ತಾನನ ವಯಸ್ಸು ಎಷ್ಟು?

ನಗಬೇಡಿ. 1980ರ ಆಸುಪಾಸಿನಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಇಂಥ ಪ್ರಶ್ನೆಯನ್ನು 97 ಶಾಲಾ ಮಕ್ಕಳಿಗೆ ಕೇಳಿದರು. ಅವರಲ್ಲಿ 76 ಮಕ್ಕಳು ಕೈಗೆ ಸಿಕ್ಕ ಸಂಖ್ಯೆಗಳಿಂದಲೇ ಕಪ್ತಾನನಿಗೊಂದು ವಯಸ್ಸು ಕಟ್ಟಿಕೊಟ್ಟರು. ಮಕ್ಕಳು ದಡ್ಡರಾಗಿರಲಿಲ್ಲ. ಲೆಕ್ಕ ಎಂದ ಮೇಲೆ ಉತ್ತರ ಇರಲೇಬೇಕು, ಕೊಟ್ಟ ಅಂಕಿಗಳನ್ನೆಲ್ಲ ಬಳಸಲೇಬೇಕು ಎಂಬುದನ್ನು ಯಾರೋ ಅವರಿಗೆ ಚೆನ್ನಾಗಿಯೇ ಕಲಿಸಿದ್ದರು.

ಹೇಳಿಕೆ ಲೆಕ್ಕ ಕಷ್ಟ ಎನ್ನುವವರಿಗೆ ಕೂಡಿಸಲು, ಕಳೆಯಲು ಬಾರದೆಂದಲ್ಲ. ಅವರು ವಾಕ್ಯ ಮುಗಿಯುವ ಮೊದಲೇ ಪೆನ್ಸಿಲು ಹಿಡಿದಿರುತ್ತಾರೆ. 'ಹೆಚ್ಚು' ಎಂದರೆ ಕೂಡು, 'ಉಳಿದ' ಎಂದರೆ ಕಳೆ ಎಂದು ಬಾಯಿಪಾಠ ಮಾಡಿಸುವುದೂ ಉಂಟು. ನನಗೆ ಈ ಉಪಾಯ ಕಂಡರೆ ಆಗದು. ಕೇಳಿ: ಅಣ್ಣನ ಬಳಿ 12 ಪುಸ್ತಕಗಳಿವೆ. ಅದು ತಂಗಿಯ ಬಳಿ ಇರುವುದಕ್ಕಿಂತ 5 ಹೆಚ್ಚು. ತಂಗಿಯ ಬಳಿ ಎಷ್ಟು? 'ಹೆಚ್ಚು' ಎಂಬ ಪದವನ್ನು ನಂಬಿದರೆ 17. ಆದರೆ ಗುಟ್ಟು ಇರುವುದು 'ಇರುವುದಕ್ಕಿಂತ' ಎಂಬ ಪದದ ಬಾಲದಲ್ಲಿ. ಹೆಚ್ಚು ಯಾರ ಬಳಿ, ಯಾರಿಗಿಂತ ಎಂದು ಕೇಳಿಕೊಂಡರೆ ಅಣ್ಣನದೇ ಹೆಚ್ಚು, ತಂಗಿಯದು 7. ಏಳಕ್ಕೆ ಐದು ಸೇರಿಸಿ ನೋಡಿ, ಹನ್ನೆರಡು ಬಂತು. ಹೀಗೆ ಉತ್ತರದಿಂದ ಪ್ರಶ್ನೆಗೆ ಹಿಂದಿರುಗಿ ನಡೆಯುವುದಕ್ಕೆ ಅರೆ ನಿಮಿಷವೂ ಬೇಕಾಗುವುದಿಲ್ಲ.

'ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು' ಎಂಬ ಹಳೆಯ ತ್ರೈರಾಶಿಕವೂ ಹಾಗೆಯೇ ಕೈಕೊಡುತ್ತದೆ. ನಾಲ್ವರು ಆರು ದಿನಗಳಲ್ಲಿ ಕಟ್ಟುವ ಗೋಡೆಯನ್ನು ಎಂಟು ಜನ ಎಷ್ಟು ದಿನದಲ್ಲಿ ಕಟ್ಟುತ್ತಾರೆ? ಸೂತ್ರಕ್ಕೆ ಜೋತುಬಿದ್ದವರು ಹನ್ನೆರಡು ಎನ್ನುತ್ತಾರೆ. ಜನ ಹೆಚ್ಚಾದರೆ ಕೆಲಸ ನಿಧಾನವಾಗುವ ಕಚೇರಿಗಳು ಇರಬಹುದು, ಆದರೆ ಇದು ಗೋಡೆ. ನಾಲ್ವರು ಆರು ದಿನ ಎಂದರೆ ಒಟ್ಟು 24 ಆಳುದಿನಗಳ ಕೆಲಸ. ಅದನ್ನು ಎಂಟು ಜನ ಹಂಚಿಕೊಂಡರೆ ಮೂರೇ ದಿನ. ನಡುವೆ 'ಒಟ್ಟು ಕೆಲಸ' ಎಂಬ ಮೆಟ್ಟಿಲೊಂದನ್ನು ಇಟ್ಟುಕೊಂಡದ್ದೇ ನಾವು ಮಾಡಿದ ಜಾಣತನ.

ಆ ಮೆಟ್ಟಿಲು ಇಲ್ಲದೆ ದೊಡ್ಡವರೂ ಜಾರುವ ಜಾಗ ಇನ್ನೊಂದಿದೆ. ಕಾರು ಹೋಗುವಾಗ ಗಂಟೆಗೆ 60 ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ ಗಂಟೆಗೆ 40. ಸರಾಸರಿ ವೇಗ ಎಷ್ಟು? 50 ಎಂದು ನಾಲಿಗೆ ತಾನಾಗಿಯೇ ಹೇಳಿಬಿಡುತ್ತದೆ. ತಡೆಯಿರಿ. ದೂರ ಎಷ್ಟೆಂದು ಹೇಳಿಲ್ಲ, ನಮಗೆ ಅನುಕೂಲವಾದ ದೂರವನ್ನು ನಾವೇ ಇಟ್ಟುಕೊಳ್ಳೋಣ: 120 ಕಿಲೋಮೀಟರ್. ಹೋಗಲು ಎರಡು ಗಂಟೆ, ಬರಲು ಮೂರು ಗಂಟೆ. ಒಟ್ಟು 240 ಕಿಲೋಮೀಟರ್, ಐದು ಗಂಟೆ. ಭಾಗಿಸಿದರೆ 48. ನಿಧಾನವಾಗಿ ಓಡಿದಾಗ ಕಾರು ಹೆಚ್ಚು ಹೊತ್ತು ರಸ್ತೆಯ ಮೇಲಿತ್ತು, ಹಾಗಾಗಿ ಸರಾಸರಿ 40ರ ಕಡೆಗೆ ವಾಲಿತು. ನಂಬಿಕೆ ಬರದಿದ್ದರೆ ದೂರವನ್ನು 240 ಎಂದು ಇಟ್ಟುಕೊಂಡು ಮತ್ತೊಮ್ಮೆ ಮಾಡಿ. ಅದೇ 48 ಬರುತ್ತದೆ.

ಉತ್ತರ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಅಮೆರಿಕದಲ್ಲಿ ನಡೆದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 1128 ಸೈನಿಕರನ್ನು ಸಾಗಿಸಲು 36 ಜನ ಹಿಡಿಸುವ ಬಸ್ಸುಗಳು ಎಷ್ಟು ಬೇಕೆಂದು ಕೇಳಿದ್ದರು. ಎಷ್ಟೋ ಮಕ್ಕಳು ತಪ್ಪಿಲ್ಲದೆ ಭಾಗಿಸಿ '31, ಶೇಷ 12' ಎಂದು ಬರೆದರು. ಶೇಷವನ್ನು ಹೊತ್ತು ಓಡುವ ಬಸ್ಸು ಎಲ್ಲಿಯೂ ಇಲ್ಲ. ಉಳಿದ ಆ ಹನ್ನೆರಡು ಸೈನಿಕರು ರಸ್ತೆಯ ಬದಿಯಲ್ಲಿ ನಿಂತಿದ್ದಾರೆ, ಅವರಿಗೆ 32ನೆಯ ಬಸ್ಸು ಬೇಕು.

ನನ್ನ ಸಮಯ ಮುಗಿಯುತ್ತಾ ಬಂತು. ಹೊರಡುವ ಮುನ್ನ ಒಂದು ಪುಟ್ಟ ಲೆಕ್ಕ. ಪುಸ್ತಕವೊಂದನ್ನು 27ನೆಯ ಪುಟದಿಂದ 53ನೆಯ ಪುಟದ ಕೊನೆಯವರೆಗೆ ಓದಿದ್ದೀರಿ. ಓದಿದ ಪುಟಗಳು ಎಷ್ಟು?

26 ಎಂದಿರಾ? 27ನೆಯ ಪುಟವನ್ನೂ ಓದಿದ್ದೀರಲ್ಲ.