ಕನಕಪುರ ಲೋಕಸಭಾ ಕ್ಷೇತ್ರ: ಹುಟ್ಟಿನಿಂದ ರದ್ದಾಗುವವರೆಗೆ

ವೀಕ್ಷಕರಿಗೆ ನಮಸ್ಕಾರ. ಕನಕಪುರವನ್ನು ಇಂದು ನಾವು ಒಂದು ವಿಧಾನಸಭಾ ಕ್ಷೇತ್ರವಾಗಿ ಮಾತ್ರ ಬಲ್ಲೆವು. ಆದರೆ 1967ರ ಚುನಾವಣೆಯಿಂದ 2008ರ ಪುನರ್ವಿಂಗಡಣೆಯವರೆಗೆ ಇದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇತ್ತು.

(ತೆರೆಯ ಮೇಲೆ: ಹಳೆಯ ಕ್ಷೇತ್ರದ ನಕ್ಷೆ)

ರಾಗಿ, ರೇಷ್ಮೆಯ ಸೀಮೆಯಾದ ಕನಕಪುರ, ಸಾತನೂರು, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಜೊತೆಗೆ ಮಂಡ್ಯ ಜಿಲ್ಲೆಯ ಮಳವಳ್ಳಿಯೂ, ಇನ್ನೊಂದು ತುದಿಯಲ್ಲಿ ಬೆಂಗಳೂರಿಗೆ ಅಂಟಿಕೊಂಡ ಉತ್ತರಹಳ್ಳಿ ಮತ್ತು ಆನೇಕಲ್ ಕೂಡ ಇದರ ವ್ಯಾಪ್ತಿಯಲ್ಲಿದ್ದವು. ಈ ಕ್ಷೇತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಎಚ್.ಡಿ. ದೇವೇಗೌಡರ ಕುಟುಂಬದ ಕಥೆಯಾಗಿ ಹೇಳಲಾಗುತ್ತದೆ. ಉತ್ತರಹಳ್ಳಿಯ ಬಡಾವಣೆಗಳನ್ನು ಬಿಟ್ಟು ಹೇಳಿದರೆ ಆ ಕಥೆ ಅರ್ಧವೇ ಆಗುತ್ತದೆ.

ಮೊದಲ ಸಂಸದರು ಕಾಂಗ್ರೆಸ್ಸಿನ ಎಂ.ವಿ. ರಾಜಶೇಖರನ್, 1971ರಲ್ಲಿ ಗೆದ್ದವರು ಮುಂದೆ ರೈಲ್ವೆ ಸಚಿವರಾದ ಸಿ.ಕೆ. ಜಾಫರ್ ಷರೀಫ್. ಬಳಿಕ 1977ರಿಂದ 1991ರವರೆಗಿನ ಐದೂ ಚುನಾವಣೆಗಳನ್ನು ಎಂ.ವಿ. ಚಂದ್ರಶೇಖರಮೂರ್ತಿ ಗೆದ್ದರು. ಇಷ್ಟು ದೀರ್ಘ ಹಿಡಿತವಿದ್ದರೂ ಇಂದು ಅವರ ಹೆಸರು ಹೆಚ್ಚಾಗಿ ಕೇಳಿಬರುವುದಿಲ್ಲ ಎಂಬುದು ಸೋಜಿಗ.

1996ರಲ್ಲಿ, ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, ಅವರ ಪುತ್ರ ಎಚ್.ಡಿ. ಕುಮಾರಸ್ವಾಮಿ ಜನತಾದಳದಿಂದ ಗೆದ್ದು ಈ ಹಿಡಿತವನ್ನು ಮುರಿದರು. ಅದು ಅವರ ಮೊದಲ ಚುನಾವಣೆ. ಎರಡೇ ವರ್ಷಕ್ಕೆ ಕ್ಷೇತ್ರ ಬಿಜೆಪಿಯ ಎಂ. ಶ್ರೀನಿವಾಸ್ ಅವರ ಪಾಲಾಯಿತು. ಆಗ ಹಳ್ಳಿಗಾಡಿನಲ್ಲಿ ಅಷ್ಟೇನೂ ನೆಲೆಯಿರದಿದ್ದ ಆ ಪಕ್ಷಕ್ಕೆ ನಗರದಂಚಿನ ಮತಗಳಿಲ್ಲದೆ ಈ ಗೆಲುವು ದಕ್ಕುತ್ತಿತ್ತೆಂದು ನಂಬುವುದು ಕಷ್ಟ. 1999ರಲ್ಲಿ ಮೂರ್ತಿಯವರು ಮತ್ತೆ ಗೆದ್ದರು.

(ತೆರೆಯ ಮೇಲೆ: 2002, 2004ರ ಅಭ್ಯರ್ಥಿಗಳ ಹೆಸರುಗಳು)

ಮೂರ್ತಿಯವರ ನಿಧನದಿಂದ 2002ರಲ್ಲಿ ಉಪಚುನಾವಣೆ ಬಂತು. 1999ರಲ್ಲಿ ಹಾಸನದಲ್ಲಿ ಸೋತಿದ್ದ ಮಾಜಿ ಪ್ರಧಾನಿ ದೇವೇಗೌಡರು ಇಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ಸಂಸತ್ತಿಗೆ ಮರಳಿದರು. ಆದರೆ 2004ರಲ್ಲಿ, ಕಿರುತೆರೆ ಪತ್ರಕರ್ತೆಯಾಗಿ ಪರಿಚಿತರಾಗಿದ್ದ ತೇಜಸ್ವಿನಿ ಗೌಡ ಅವರನ್ನು ಕಾಂಗ್ರೆಸ್ ಕಣಕ್ಕಿಳಿಸಿದಾಗ, ಅವರು ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರಲ್ಲದೆ, ದೇವೇಗೌಡರು ಬಿಜೆಪಿಯ ರಾಮಚಂದ್ರ ಗೌಡರಿಗಿಂತಲೂ ಹಿಂದೆ ಉಳಿದು ಮೂರನೆಯ ಸ್ಥಾನಕ್ಕಿಳಿದರು. ಹಾಸನದಲ್ಲೂ ಸ್ಪರ್ಧಿಸಿ ಗೆದ್ದಿದ್ದರಿಂದ ಅವರ ಸಂಸತ್ ಸ್ಥಾನ ಉಳಿಯಿತು.

ಅಷ್ಟರಲ್ಲಿ ಬೆಂಗಳೂರು ನಗರ ದಕ್ಷಿಣ ದಿಕ್ಕಿಗೆ ಹಬ್ಬುತ್ತಲೇ ಇದ್ದುದರಿಂದ, ಕನಕಪುರವು ದೇಶದಲ್ಲೇ ಅತಿ ಹೆಚ್ಚು ಮತದಾರರಿರುವ ಕ್ಷೇತ್ರಗಳ ಸಾಲಿಗೆ ಸೇರಿತ್ತು. 2001ರ ಜನಗಣತಿಯನ್ನು ಆಧರಿಸಿ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಪುನರ್ವಿಂಗಡಣಾ ಆಯೋಗವು ರಾಜ್ಯದ 28 ಸ್ಥಾನಗಳ ಸಂಖ್ಯೆಯನ್ನು ಬದಲಿಸದೆ ಗಡಿಗಳನ್ನು ಮಾತ್ರ ಮರುಹೊಂದಿಸಿತು. ಉತ್ತರಹಳ್ಳಿ ಮತ್ತು ಸಾತನೂರು ವಿಧಾನಸಭಾ ಕ್ಷೇತ್ರಗಳು ರದ್ದಾದವು, ಮಳವಳ್ಳಿ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿತು, ಉಳಿದ ಬಹುಭಾಗ ಕುಣಿಗಲ್, ರಾಜರಾಜೇಶ್ವರಿನಗರ ಮತ್ತು ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳ ಜೊತೆಗೂಡಿ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರವಾಯಿತು.

ಹೊಸ ಕ್ಷೇತ್ರದಲ್ಲಿ 2009ರಲ್ಲಿ ಕುಮಾರಸ್ವಾಮಿ ಗೆದ್ದರು. 2013ರ ಉಪಚುನಾವಣೆಯಿಂದ ಶಿವಕುಮಾರ್ ಅವರ ಸಹೋದರ ಡಿ.ಕೆ. ಸುರೇಶ್ ಸಂಸದರಾಗಿದ್ದರು. 2024ರಲ್ಲಿ ಸುರೇಶ್ ಅವರನ್ನು ಸೋಲಿಸಿದವರು ದೇವೇಗೌಡರ ಅಳಿಯ, ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್. ಕನಕಪುರ ವಿಧಾನಸಭಾ ಕ್ಷೇತ್ರದಲ್ಲಿ ಸುರೇಶ್ ಮುಂದಿದ್ದರೂ, ರಾಜರಾಜೇಶ್ವರಿನಗರ ಮತ್ತು ಬೆಂಗಳೂರು ದಕ್ಷಿಣದಲ್ಲಿ ಮಂಜುನಾಥ್ ಅವರಿಗೆ ಸಿಕ್ಕ ಭಾರೀ ಮುನ್ನಡೆಯ ಮುಂದೆ ಅದು ಸಾಲಲಿಲ್ಲ.